ಪರದೆಯ ಹಿಂದಿನ ಚಪ್ಪಾಳೆ

ಲೋಕದಲ್ಲಿ ಮರೆವಿನ ಮಹಾರಾಜರು ಅನೇಕರು. ಆದರೆ ದಿನವೂ ದಂಡ ತೆತ್ತು ಸಿಂಹಾಸನ ಉಳಿಸಿಕೊಂಡವನು ಆ ಓಣಿಯ ದರ್ಜಿ ಒಬ್ಬನೇ. ನಮಾಜಿನಲ್ಲಿ ಮರೆತು ತಪ್ಪಿದರೆ, ಕೊನೆಗೆ ಎರಡು ಸಜ್ದಾ ಹೆಚ್ಚಿಗೆ ಮಾಡಿ, ಹಣೆ ನೆಲಕ್ಕಿಟ್ಟು ಸರಿಪಡಿಸಿಕೊಳ್ಳಬಹುದು. ಉಳಿದವರಿಗೆ ಅದು ಎಂದೋ ಒಮ್ಮೆ. ಇವನಿಗೆ ಊಟಕ್ಕೆ ಉಪ್ಪಿದ್ದ ಹಾಗೆ. ಇವನ ಹಣೆ ತಾಗಿ ತಾಗಿ ನೆಲ ಹಳ್ಳ ಬಿದ್ದಿದೆ ಎಂದು ಕೆಲವರು. ಇವನೊಬ್ಬನಿಗಾಗಿ ಮೇಲೆ ಬೇರೆಯೇ ಗುಮಾಸ್ತನನ್ನು ಇಟ್ಟಿದ್ದಾರೆ ಎಂದು ಎದುರಿನ ಗುಂಡಿ ಅಂಗಡಿಯವನು. ಬಟ್ಟೆಗೂ ಎರಡೆರಡು ಸಲ ಹೊಲಿಗೆ ಹಾಕುವವನಾದ್ದರಿಂದ ‘ಡಬಲ್ ಹೊಲಿಗೆ’ ಎಂಬ ಬಿರುದು ತಾನಾಗಿಯೇ ಬಂದು ಅಂಟಿತ್ತು.

ಮುಂದೆ ಅಂಗಡಿ, ಪರದೆಯ ಹಿಂದೆ ಮನೆ. ಅಲ್ಲಿ ಮಂಚದ ಮೇಲೆ ಹೆಂಡತಿ. ಶ್ವಾಸಕೋಶ ಸೋತು, ಮಾತು ಪಿಸುದನಿಗೆ ಇಳಿದಿತ್ತು. ದರ್ಜಿ ಮಂಚದ ಮುಂದೆ ನಿಂತು ನಮಾಜು ಮಾಡಿಸುವನು, ಅವಳು ಮಲಗಿದಲ್ಲೇ ಹಿಂಬಾಲಿಸುವಳು. ಮುಂದಿದ್ದವನು ತಪ್ಪಿದರೆ ಹಿಂದಿರುವ ಹೆಂಗಸು ಬಾಯಿ ತೆರೆಯುವ ಹಾಗಿಲ್ಲ. ಎಡಗೈಯ ಬೆನ್ನಿಗೆ ಬಲಗೈ ತಟ್ಟುತ್ತಾಳೆ. ಇವನು ಕೂರಬೇಕಾದಲ್ಲಿ ಎದ್ದರೆ, ಟಪ್. ಅಂಗಡಿಯ ಬೆಂಚಿನ ಮೇಲೆ ಕಾಯುವವರು ಮುಸಿಮುಸಿ ನಗುವರು.

ಅವಳು ಸೊರಗಿದಷ್ಟೂ ಇವನ ತಪ್ಪು ಹೆಚ್ಚಿತು. ಒಂದು ದಿನ ಅವಳು ಹಿಡಿದೇಬಿಟ್ಟಳು.

“ರೀ, ಇವತ್ತು ಬೇಕಂತಲೇ ಎದ್ರಿ ಅಲ್ವಾ?”

ದರ್ಜಿ ಸೂಜಿಗೆ ದಾರ ಪೋಣಿಸುವುದರಲ್ಲಿ ಮುಳುಗಿದ.

“ಇಷ್ಟು ವರ್ಷ ಸಂಸಾರ ಮಾಡಿದ್ದೀನಿ. ನಿಮ್ಮ ಮರೆವು ಯಾವ್ದು, ಕಳ್ಳಾಟ ಯಾವ್ದು ಗೊತ್ತಾಗಲ್ವಾ?”

“ಹಿಂದೆ ತಿರುಗಿ ನೋಡೋ ಹಾಗಿಲ್ಲ. ನಿನ್ನ ಉಸಿರು ಕೇಳ್ಸಲ್ಲ. ಟಪ್ ಅಂದ್ರೆ ತಾನೇ ಇದ್ದೀಯ ಅಂತ ಗೊತ್ತಾಗೋದು. ನಾನೇನ್ ಮಾಡ್ಲಿ?”

“ಅದಕ್ಕೆ ಅಲ್ಲಾಹನ ಮುಂದೆ ನಾಟಕನಾ? ಮರೆತು ತಪ್ಪಿದ್ರೆ ಸಜ್ದಾ ಇದೆ. ಗೊತ್ತಿದ್ದೂ ತಪ್ಪಿದ್ರೆ ನಮಾಜೇ ಹೋಯ್ತು. ನಿಮ್ದು ಹೋದ್ರೆ ಹಿಂದಿರೋ ನನ್ದೂ ಹೋಯ್ತು. ನನಗೆ ಉಳಿದಿರೋದೇ ನಾಲ್ಕು ಹೊತ್ತು. ಅದ್ರಲ್ಲೂ ಕತ್ತರಿ ಆಡಿಸ್ತೀರಾ?”

ಇನ್ನು ಬೇಕೆಂದು ತಪ್ಪುವುದಿಲ್ಲ ಎಂದು ಅವಳ ಕೈ ಮುಟ್ಟಿ ಮಾತು ಕೊಟ್ಟ. ಕೊಟ್ಟ ಮಾತನ್ನು ಉಳಿಸಿಕೊಂಡ ಕೂಡ.

ಆಮೇಲೊಂದು ಸಂಜೆ, ಮೂರು ರಕಾತಿನ, ಅಂದರೆ ಮೂರು ಸುತ್ತಿನ ನಮಾಜಿನಲ್ಲಿ, ಮುಗಿದದ್ದು ಎರಡೋ ಮೂರೋ ಎಂಬುದು ನಿಜವಾಗಿಯೇ ಮರೆತುಹೋಯಿತು. ಎದ್ದು ನಿಂತ. ಬೆನ್ನೆಲ್ಲ ಕಿವಿಯಾಗಿ ಕಾದ. ಟಪ್ ಇಲ್ಲ. ತಪ್ಪಿದ್ದರೆ ಬಿಡುವವಳಲ್ಲ, ಹಾಗಾದರೆ ಸರಿಯೇ ಇದೆ ಎಂದು ಒಳಗೊಳಗೇ ಬೀಗಿದ. ಹೆಚ್ಚಿನ ಸಜ್ದಾದ ಗೋಜಿಗೇ ಹೋಗದೆ ಮುಗಿಸಿ, ಹೊಗಳಿಸಿಕೊಳ್ಳಲೆಂದು ಹಿಂದಕ್ಕೆ ತಿರುಗಿದ.

ಅವಳ ಬಲಗೈ ಮಂಚದ ಅಂಚಿನಿಂದ ಜೋತುಬಿದ್ದಿತ್ತು.

ಮಣ್ಣಿಗಿಡುವಾಗ ಸುತ್ತುವ ಕಫನ್ ಬಟ್ಟೆಗೆ ಹೊಲಿಗೆಯಿಲ್ಲ. ಜೀವನವಿಡೀ ಒಂದಕ್ಕೆ ಎರಡು ಹೊಲಿಗೆ ಹಾಕಿದವನು, ಅವಳ ಬಟ್ಟೆಯನ್ನು ಅಳೆದು ಹರಿದುಕೊಟ್ಟು ಬರಿಗೈಯಲ್ಲಿ ಕುಳಿತ. ಅವಳು ಹೋದದ್ದು ನಮಾಜಿನ ಯಾವ ಗಳಿಗೆಯಲ್ಲೋ, ತಾನು ಎದ್ದದ್ದು ಸರಿಯೋ ತಪ್ಪೋ, ಎರಡೂ ಅವನಿಗೆ ತಿಳಿಯದೆ ಉಳಿದವು.

ಈಗ ಪರದೆಯಾಚೆ ಚಪ್ಪಾಳೆಯಿಲ್ಲ, ಹೆಚ್ಚಿನ ಸಜ್ದಾವೂ ಇಲ್ಲ. ಓಣಿ ದಂತಕಥೆಯನ್ನು ಬಿಚ್ಚಿ ಹೊಸದಾಗಿ ಹೊಲಿಯಿತು.

“ಏನಪ್ಪಾ ಡಬಲ್ ಹೊಲಿಗೆ,” ಎಂದ ಗುಂಡಿ ಅಂಗಡಿಯವನು, “ಈಗೀಗ ನಮಾಜಿನಲ್ಲಿ ತಪ್ಪೋದೇ ಇಲ್ವಂತೆ! ಅತ್ತಿಗೆ ಹೋದ್ಮೇಲೆ ದೊಡ್ಡ ಸಂತ ಆಗ್ಬಿಟ್ಯಲ್ಲೋ!”

ದರ್ಜಿ ಹಲ್ಲಿನಲ್ಲಿ ದಾರ ಕಡಿದ.

“ತಪ್ತಾನೇ ಇರ್ತೀನೇನೋ. ಹೇಳೋರಿಲ್ಲ.”