ಬೋಟಿನ ಮದ್ದಿನ ಡಬ್ಬಿ

ಡಾಕ್ಟರಮ್ಮ ಹೇಳಿದ ಒಂದು ಮಾತನ್ನು ನಾನು ಅಕ್ಕನಿಗೆ ತಲುಪಿಸಲಿಲ್ಲ. ಮರೆತದ್ದಲ್ಲ. ಅದು ನಮಗೆ ಬೇಕಿಲ್ಲ ಅಂದುಕೊಂಡೆ.

ನಾನು ಐದನೇ ಕ್ಲಾಸಿಗೇ ಶಾಲೆ ಬಿಟ್ಟು ಮೀನಿನ ಬೋಟಿಗೆ ಹೋದವನು. ವಾರಗಟ್ಟಲೆ ಕಡಲಿನಲ್ಲಿರುವ ಬೋಟಿಗೆ ಡಾಕ್ಟರು ಎಲ್ಲಿಂದ ಬರಬೇಕು? ತಗಡಿನ ಡಬ್ಬಿಯೊಂದರಲ್ಲಿ ಗುಳಿಗೆ ಇರುತ್ತಿತ್ತು. ಜ್ವರವಿರಲಿ, ಮೀನಿನ ಮುಳ್ಳು ಚುಚ್ಚಿ ಕೀವಾಗಿರಲಿ, ಎರಡು ದಿನ ಅದೇ ಆಂಟಿಬಯಾಟಿಕ್ ಕ್ಯಾಪ್ಸೂಲು. ಡಬ್ಬಿ ನನ್ನ ಸುಪರ್ದಿಯಲ್ಲಿತ್ತು. ಜೊತೆಯವರು ನನ್ನನ್ನು ತಮಾಷೆಗೆ ‘ಡಾಕ್ಟ್ರೇ’ ಎನ್ನುತ್ತಿದ್ದರು. ನಾನು ಅದನ್ನು ನಿಜವೆಂದೇ ನಂಬಿದೆ.

ಅಕ್ಕ ಬೈಂದೂರಿನಲ್ಲಿ ಮೀನು ಮಾರುವವಳು. ಅವಳಿಗೆ ಸ್ತನದ ಕ್ಯಾನ್ಸರ್ ಎಂದು ತಿಳಿದಾಗ ನಾನು ಬೋಟು ಬಿಟ್ಟು ಅವಳ ಜೊತೆ ನಿಂತೆ; ಡಬ್ಬಿಯೂ ನನ್ನ ಜೊತೆ ಬಂತು. ಮೂರು ವಾರಕ್ಕೊಮ್ಮೆ ಬಸ್ಸಿನಲ್ಲಿ ಕುಂದಾಪುರ, ಬ್ರಹ್ಮಾವರ ದಾಟಿ ಆಸ್ಪತ್ರೆಗೆ ಹೋಗುತ್ತಿದ್ದೆವು. ಮೊದಲ ಕಿಮೋ ದಿನ ಅವಳು ಮಲಗಿದ್ದಾಗ ಡಾಕ್ಟರಮ್ಮ ನನ್ನನ್ನು ಹೊರಗೆ ಕರೆದರು. “ಜ್ವರ ಬಂದರೆ ತಕ್ಷಣ ಕರಕೊಂಡು ಬನ್ನಿ. ಮನೆಯಲ್ಲಿ ಆಂಟಿಬಯಾಟಿಕ್ ಕೊಡಬೇಡಿ. ಅವರಿಗೂ ಹೇಳಿ.”

ಎರಡನೇ ಕಿಮೋ ಆಗಿ ಹತ್ತು ದಿನಕ್ಕೆ ಜ್ವರ ಬಂತು.

“ಆಸ್ಪತ್ರೆಗೆ ಹೋಪ್ದಾ?” ಎಂದಳು ಅಕ್ಕ.

“ಎಂತಕ್ಕೆ? ನನ್ ಡಬ್ಬಿ ಇತ್ತಲೆ.”

“ಹ್ವಾಯ್ ಡಾಕ್ಟ್ರೇ, ನಾನ್ ನಿಮ್ ಬೋಟಿನವ್ಳಲ್ಲ” ಎಂದು ನಕ್ಕು, ಕೊಟ್ಟದ್ದನ್ನು ನುಂಗಿದಳು.

ಎರಡು ದಿನ ಜ್ವರ ಇಳಿದ ಹಾಗೆ ಕಂಡು ಮತ್ತೆ ಏರಿತು. ಭೇದಿ ಶುರುವಾಗಿ ನಿಲ್ಲಲೂ ತ್ರಾಣವಿಲ್ಲದಾಯಿತು. ಆಸ್ಪತ್ರೆಗೆ ಸೇರಿಸಬೇಕಾಯಿತು, ಮುಂದಿನ ಕಿಮೋ ಮುಂದಕ್ಕೆ ಹೋಯಿತು.

“ಮನೆಯಲ್ಲಿ ಏನಾದರೂ ಕೊಟ್ಟಿರಾ?” ಡಾಕ್ಟರಮ್ಮ ನನ್ನನ್ನೇ ಕೇಳಿದರು. ನಾನು ಗೋಡೆ ನೋಡಿದೆ.

“ನಾನೇ ತಿಂದದ್ದ್ ಅಮ್ಮ. ಅವ್ನಿಗೆ ಗೊತ್ತಿಲ್ಲ” ಎಂದಳು ಅಕ್ಕ.

ಡಾಕ್ಟರಮ್ಮ ಬಯ್ಯಲಿಲ್ಲ. ಕರುಳಿನಲ್ಲಿ ಒಳ್ಳೆಯ ಬ್ಯಾಕ್ಟೀರಿಯಾಗಳೂ ಇರುತ್ತವೆ ಎಂದರು. ಕ್ಯಾನ್ಸರಿನ ಮದ್ದು ಮೈಯಲ್ಲಿ ಹೇಗೆ ಕೆಲಸ ಮಾಡುತ್ತದೆ ಎಂಬುದರಲ್ಲೂ ಅವುಗಳ ಪಾಲು ಇರಬಹುದು, ಎಷ್ಟು ಎಂಬುದನ್ನು ಸಂಶೋಧಕರು ಇನ್ನೂ ಹುಡುಕುತ್ತಿದ್ದಾರೆ ಎಂದರು. “ಬೇಕಾದಾಗ ಆಂಟಿಬಯಾಟಿಕ್ ನಾವೇ ಕೊಡುತ್ತೇವೆ. ಕೇಳದೆ ನುಂಗಿದರೆ ಆ ಒಳ್ಳೆಯವೂ ಸಾಯುತ್ತವೆ, ಸೋಂಕು ಎಲ್ಲಿದೆ ಎಂದು ನಮಗೂ ತಿಳಿಯುವುದಿಲ್ಲ.”

ಮನೆಗೆ ಹೊರಟ ದಿನ ಬಸ್ಸಿನಲ್ಲಿ ಅಕ್ಕ ಕಿಟಕಿಯ ಕಡೆ ತಿರುಗಿಯೇ ಹೇಳಿದಳು: “ಹೆಪ್ಪಿನ ಪಾತ್ರೆಗೆ ಕುದಿನೀರ್ ಹೊಯ್ದಂಗಾಯ್ತ್. ನನ್ ಮದ್ದ್ ನಾನೇ ಕೆಡ್ಸ್ಕಂಡೆ.”

ನಾನು ಟಿಕೆಟ್ಟಿನ ಚಿಲ್ಲರೆ ಎಣಿಸತೊಡಗಿದೆ. ಆಮೇಲೆ ಮೊಸರು ಕಂಡಾಗಲೆಲ್ಲ ಅವಳು ಅದೇ ಮಾತು ಆಡುತ್ತಿದ್ದಳು. ಕೇಳದೆ ಗುಳಿಗೆ ನುಂಗಿದ ತನ್ನ ತಪ್ಪಿನಿಂದಲೇ ಕ್ಯಾನ್ಸರಿನ ಮದ್ದು ತಾಗುವುದಿಲ್ಲ ಎಂದು ಅವಳ ಮನಸ್ಸಿನಲ್ಲಿ ಕೂತುಬಿಟ್ಟಿತ್ತು.

ಮುಂದಿನ ಕಿಮೋಗೆ ಹೋಗುವಾಗ ಡಬ್ಬಿಯನ್ನು ಚೀಲಕ್ಕೆ ಹಾಕಿಕೊಂಡೆ. ಡಾಕ್ಟರಮ್ಮ ಪರೀಕ್ಷೆ ಮಾಡಿ, ಗಡ್ಡೆ ಸಣ್ಣದಾಗುತ್ತಿದೆ, ಮದ್ದು ಹಿಡಿಯುತ್ತಿದೆ ಎಂದರು. ಅಕ್ಕ ನಂಬಲಾರದೆ ನನ್ನ ಮುಖ ನೋಡಿದಳು. ಸುಮ್ಮನಿದ್ದರೆ ಎಲ್ಲ ಅಲ್ಲಿಗೇ ಮುಗಿಯುತ್ತಿತ್ತು. ನಾನು ಡಬ್ಬಿ ತೆಗೆದು ಮೇಜಿನ ಮೇಲಿಟ್ಟೆ.

“ಅಮ್ಮ, ಗುಳಿಗೆ ಕೊಟ್ಟದ್ದ್ ನಾನ್. ಕೊಡ್ಬೇಡಿ ಅಂತ ನೀವ್ ಹೇಳಿದ್ದ್ ಅಕ್ಕಂಗೆ ಹೇಳ್ಲೇ ಇಲ್ಲ.”

ಅಕ್ಕ ನಿಧಾನಕ್ಕೆ ಕೇಳಿದಳು: “ನಿಂಗೆ ಮೊದ್ಲೇ ಹೇಳಿದ್ರಾ?”

“ಹೇಳಿದ್ರ್. ನೀನ್ ಎಂತದೂ ಕೆಡ್ಸ್ಲಿಲ್ಲ ಅಕ್ಕ. ಕೆಡ್ಸಿದ್ದ್ ನಾನ್. ತಪ್ಪಾಯ್ತ್.”