ಮೂರನೇ ಹಾಡಿನ ಎರಡನೇ ಡ್ರಮ್ಮು

ಬನಶಂಕರಿಗೆ ಬೇಕಾಗಿದ್ದು ಹೆಚ್ಚೇನಲ್ಲ. ಮೂರು ಹಾಡು ಕೇಳಿ ಮುಗಿಸುವಷ್ಟು ಹೊತ್ತು ಯಾರೂ ಅವಳನ್ನು ಕರೆಯಬಾರದು, ಅಷ್ಟೇ. ಆದರೆ ಬನಹಟ್ಟಿಯ ಆ ಓಣಿಯಲ್ಲಿ ಬಂಗಾರ ಬೇಕೆಂದರೂ ಸಿಕ್ಕೀತು, ಅಷ್ಟು ಹೊತ್ತಿನ ಬಿಡುವು ಸಿಗುವಂತಿರಲಿಲ್ಲ. ಬೆಳಿಗ್ಗೆ ಇಯರ್‌ಫೋನು ಕಿವಿಗೆ ತುರುಕಿ ಇನ್ನೂ ಗಿಟಾರು ಶುರುವಾಗಿರಲಿಲ್ಲ, ಮನೆಅಳಿಯನಾಗಿ ಬಂದಿದ್ದ ಗಂಡ ಚಿದಾನಂದ ಬಂದು ನಿಂತ. "ನನ್ನ ಚಷ್ಮಾ ಎಲ್ಲಿಟ್ಟಿ?" ಚಷ್ಮಾ ಅವನ ಹಣೆಯ ಮೇಲೇ ಇತ್ತು. ಅವನು ಹೋದ ಅಂದರೆ ಪಕ್ಕದ ಮನೆಯ ದಾನಮ್ಮ ಹೆಪ್ಪಿಗೆ ಮಜ್ಜಿಗೆ ಬೇಕೆಂದು ಬಂದಳು. ಮಜ್ಜಿಗೆ ತಗೊಂಡು ಹೋಗಬೇಕೋ ಬೇಡವೋ? ಬಾಗಿಲಿಗೆ ಆತು ನಿಂತು ಸೊಸೆಯ ಪುರಾಣ ಬಿಚ್ಚಿದಳು.

"ದಾನಮ್ಮಾ, ನಾ ಹಾಡ ಕೇಳಾಕತ್ತಿದ್ದೆ," ಎಂದು ಬನಶಂಕರಿ ತಡೆಯಲಾರದೆ ಹೇಳಿದಳು.

"ಕೇಳ ಯವ್ವಾ, ನಾ ಏನ್ ಬ್ಯಾಡ ಅಂದೆನೇನ?" ಎಂದು ದಾನಮ್ಮ ಪುರಾಣ ಮುಂದುವರಿಸಿದಳು.

ಇದೆಲ್ಲ ಸಾಲದೆಂಬಂತೆ ಹಿಂದಿನ ಶೆಡ್ಡಿನಲ್ಲಿ ನಾಲ್ಕು ಪವರ್‌ಲೂಮುಗಳು ಬಡಿದುಕೊಳ್ಳುತ್ತಿದ್ದವು. ಅದರಲ್ಲೂ ಮೂಲೆಯ ಆ ಕುಂಟ ಮಗ್ಗ! ಈಗ ವಯಸ್ಸಾಗಿ ಪಡಸಾಲೆ ಹಿಡಿದಿರುವ ಅಪ್ಪ ರಾಮಲಿಂಗಪ್ಪ ನಡೆಸುತ್ತಿದ್ದದ್ದು. ಅರಿವೆ ಸುತ್ತುವ ಕಡೆಯ ಗಾಲಿಗೆ ಒಂದು ಹಲ್ಲು ಮುರಿದಿತ್ತು. ಅಪ್ಪ ಆ ಜಾಗಕ್ಕೆ ವೆಲ್ಡಿಂಗ್ ಮಾಡಿಸಿ ದಪ್ಪನೆಯ ಹಲ್ಲು ಕೂಡಿಸಿದ್ದ. ಅರಿವೆಯಲ್ಲಿ ಯಾವ ತಪ್ಪೂ ಕಾಣುತ್ತಿರಲಿಲ್ಲ, ಸಪ್ಪಳ ಮಾತ್ರ ಉಳಿದಿತ್ತು. ಗಾಲಿ ಹಳತಾದಂತೆ ಅದು ಜೋರಾಗುತ್ತ ಹೋಗಿ, ಈಚೆಗೆ ಬನಶಂಕರಿಗೆ ತಲೆಶೂಲೆಯೇ ಆಗಿತ್ತು. "ಅದರ ಕುಂಟ ಬಿಡಿಸ್ರಿ, ಇಲ್ಲಾಂದ್ರ ನನ್ನ ಹುಚ್ಚರ ದವಾಖಾನಿಗೆ ಹಾಕ್ರಿ," ಎಂದು ಗಂಡನ ತಲೆ ತಿಂದು, ಕೊನೆಗೂ ಮಗ್ಗ ರಿಪೇರಿ ಮಾಡುವ ಜಾಬರ್ ಗಿರಿಮಲ್ಲಪ್ಪನನ್ನು ಇವತ್ತಿಗೆ ಗೊತ್ತುಮಾಡಿಸಿದ್ದಳು.

ಅವಳು ಕೇಳಬೇಕೆಂದಿದ್ದ ಹಾಡು ಅಂತಿಂಥದ್ದಲ್ಲ. ಭಜನೆಯಲ್ಲ, ಸಿನಿಮಾದ್ದಲ್ಲ. ಅಣ್ಣ ವೀರೇಶ ಇಚಲಕರಂಜಿಗೆ ಜವಳಿ ಡಿಪ್ಲೊಮಾ ಓದಲು ಹೋದವನು, ಒಂದು ಸೂಟಿಯಲ್ಲಿ ಬರುವಾಗ ಒಂದು ಕ್ಯಾಸೆಟ್ಟು ತಂದಿದ್ದ. ಪುಣೆಯ ನಾಲ್ಕು ಹುಡುಗರ ತಂಡ, ಹೆಸರು ಬ್ಲೈಂಡ್ ಬ್ಯಾರೋಮೀಟರ್. ಪ್ರೊಗ್ರೆಸಿವ್ ಮೆಟಲ್ ಅಂತೆ. ಒಂದೊಂದು ಹಾಡೂ ಮುಗಿಯುವುದೇ ಇಲ್ಲ. ಗಿಟಾರು ಗುರ್ ಎನ್ನುತ್ತದೆ, ತಾಳ ನಡುದಾರಿಯಲ್ಲಿ ಬದಲಾಗುತ್ತದೆ, ಹಾಡುವವನು ಅಳುತ್ತಾನೋ ಬೈಯುತ್ತಾನೋ ತಿಳಿಯುವುದಿಲ್ಲ. ಹತ್ತನೇ ಇಯತ್ತೆ ಮುಗಿಸಿ ಮನೆಯಲ್ಲಿ ಮಗ್ಗದ ಕಂಡಿಕೆಗೆ ನೂಲು ಸುತ್ತುತ್ತ ಕುಳಿತಿದ್ದ ಬನಶಂಕರಿಗೆ ಅದು ಹಿಡಿದುಬಿಟ್ಟಿತು. ಯಾಕೆಂದು ಕೇಳಿದರೆ ಅವಳಿಗೂ ಹೇಳಲು ಬರುತ್ತಿರಲಿಲ್ಲ.

ಅಪ್ಪನಿಗೆ ಅದು ಕಂಡರಾಗದು. "ಕಬ್ಬಿನ ಟ್ರ್ಯಾಕ್ಟರ್ ಗಟಾರದಾಗ ಬಿದ್ದಂಗೈತಿ. ಕೆಲಸಾ ಮಾಡ್ಕೋತ ಕೇಳಿದ್ರ ಕೇಳು, ಸುಮ್ನ ಕುಂತ ಕೇಳಿದ್ರ ಟೇಪ್ ಒಗಿತೀನಿ," ಎಂದಿದ್ದ. ಹಾಗಾಗಿ ಅವಳು ಶೆಡ್ಡಿನಲ್ಲಿ, ಮಗ್ಗದ ಬದಿಗೆ ಕುಳಿತು, ಕಂಡಿಕೆ ಸುತ್ತುತ್ತಲೇ ಕೇಳಿದಳು. ವರ್ಷಗಟ್ಟಲೆ ಕೇಳಿದಳು. ಒಂದು ದಿನ ಟೇಪು ಯಂತ್ರದೊಳಗೆ ಸಿಕ್ಕಾಗಿ ಚೂರುಚೂರಾಯಿತು.

ಆ ಕ್ಯಾಸೆಟ್ಟು ಮತ್ತೆ ಎಲ್ಲಿಯೂ ಸಿಗಲಿಲ್ಲ. ತಂಡ ಆಮೇಲೆ ಹೆಸರು ಮಾಡಿತು, ಫೋನಿನಲ್ಲಿ ಅವರ ಹೊಸ ಹಾಡುಗಳು ಬಂದವು. ಅವನ್ನು ಕೇಳಿ ಬನಶಂಕರಿ ಮುಖ ಸಿಂಡರಿಸಿದಳು. ಬಾಡಗಂಡಿ ಕಾರ್ಖಾನೆಯ ಸಕ್ಕರೆಯನ್ನೆಲ್ಲ ಹಾಡಿಗೇ ಸುರಿದಂತಿತ್ತು. "ಮೊದಲಿನ ಹಾಡ ಛಲೋ ಇದ್ವು," ಎಂದು ಅವಳೆಂದರೆ, "ನಿನಗೇನ್ ತಿಳೀತೈತಿ ಇಂಗ್ಲಿಷ್ ಹಾಡು?" ಎಂದು ಎಲ್ಲರೂ ನಗುತ್ತಿದ್ದರು. ಅವರಿಗೆಲ್ಲ ಅವಳ ಹತ್ತಿರ ಒಂದೇ ಉತ್ತರವಿತ್ತು. ಮೂರನೇ ಹಾಡಿನಲ್ಲಿ ಎರಡನೇ ಡ್ರಮ್ಮು ಇದೆ. ಆರು ಪೆಟ್ಟು ಸುಮ್ಮನಿದ್ದು ಏಳನೆಯದಕ್ಕೆ, ಒಣ ಕಟ್ಟಿಗೆಗೆ ಕಬ್ಬಿಣ ತಾಕಿದಂಥ ಒಂದು ಟಕ್. ಅದು ಬಿದ್ದಾಗ ಹಾಡೆಲ್ಲ ಎದ್ದು ನಿಲ್ಲುತ್ತದೆ. ಕೆಲವೊಮ್ಮೆ ಅದು ತಪ್ಪುತ್ತಿದ್ದುದೂ ಉಂಟು. ಟೇಪು ಜಗ್ಗಿದೆ ಎಂದುಕೊಂಡು ಅವಳು ಹಿಂದಕ್ಕೆ ತಿರುಗಿಸಿ ಮತ್ತೆ ಹಚ್ಚುತ್ತಿದ್ದಳು, ಸರಿಯಾಗಿ ಕೂಡುವವರೆಗೂ ಬಿಡುತ್ತಿರಲಿಲ್ಲ.

ವೀರೇಶ ಮಾತ್ರ ಒಪ್ಪಲೇ ಇಲ್ಲ. ಅವನು ಆ ಕ್ಯಾಸೆಟ್ಟನ್ನು ಹಾಸ್ಟೆಲಿನಲ್ಲಿ ಕೇಳಿದವನು. "ಅಲ್ಲಿ ಒಂದ ಡ್ರಮ್ ಐತಿ, ಎರಡಿಲ್ಲ. ನೀ ಹಿಡಿದ ಮೊಲಕ್ಕ ಮೂರ ಕಾಲು," ಎನ್ನುತ್ತಿದ್ದ. ಈಗ ಇಚಲಕರಂಜಿಯಲ್ಲೇ ಮಿಲ್ಲಿನ ಮ್ಯಾನೇಜರ್ ಆಗಿ ಮನೆ ಮಾಡಿಕೊಂಡಿದ್ದಾನೆ. ಹಬ್ಬಕ್ಕೆ ಬಂದನೆಂದರೆ ಹೋಳಿಗೆ ತಾಟಿಗೆ ಬೀಳುವ ಮೊದಲೇ ಈ ಜಗಳ ಬೀಳುತ್ತಿತ್ತು.

ನಿನ್ನೆ ಸಂಜೆ ಫೋನಿಗೆ ಅವನದೇ ಸಂದೇಶ ಬಂತು. ತಂಡದವರು ತಮ್ಮ ಮೊದಲ ಹಾಡುಗಳನ್ನು ಹಾಗ್ಹಾಗೇ ಹೊರಗೆ ಬಿಟ್ಟಿದ್ದಾರೆ, ಒಂದು ಸ್ವರವನ್ನೂ ಬದಲಾಯಿಸಿಲ್ಲ. "ನಾ ಕೇಳೇನಿ. ಈಗ ನೀ ಕೇಳು. ಡ್ರಮ್ ಇದ್ರ ನಾ ಸೋತೆ. ಇಲ್ಲಾಂದ್ರ ಇನ್ನ ಜನ್ಮದಾಗ ಆ ಮಾತ ತಗೀಬಾರ್ದು," ಎಂದಿದ್ದ. ಹಿಂದೆಯೇ ನಗುವ ಮುಖದ ಚಿತ್ರ ಬೇರೆ. ಆ ನಗುವ ಮುಖ ನೋಡಿಯೇ ಬನಶಂಕರಿಯ ಮೈ ಉರಿದುಹೋಗಿತ್ತು. ಮನೆಯವರ ಪಾಲಿಗೆ ಇದು ಚೇಷ್ಟೆ. ಅವಳ ಪಾಲಿಗೆ ಚೇಷ್ಟೆಯಾಗಿರಲಿಲ್ಲ. ಯಾರಿಗೂ ಕೇಳಿಸದ್ದು ತನಗೆ ಕೇಳಿಸಿತ್ತು ಎಂಬುದೊಂದೇ ಅವಳದೆಂದು ಹೇಳಿಕೊಳ್ಳುವ ಆಸ್ತಿ. ಅದೂ ಇಲ್ಲವೆಂದಾದರೆ ಇಷ್ಟು ವರ್ಷ ತಾನು ಕೇಳಿದ್ದಾದರೂ ಏನು?

ಹತ್ತು ಗಂಟೆಗೆ ಕರೆಂಟು ಹೋಯಿತು. ಊರಿನವರೆಲ್ಲ ಶಪಿಸುವ ಆ ಗಳಿಗೆಗೆ ಅವಳು ಕೈ ಮುಗಿದಳು. ಓಣಿಯ ಮಗ್ಗಗಳೆಲ್ಲ ಒಮ್ಮೆಗೇ ಬಾಯಿ ಮುಚ್ಚಿದವು. ಗಿರಿಮಲ್ಲಪ್ಪ ಪಾನಾ-ಸ್ಕ್ರೂಡ್ರೈವರುಗಳ ಚೀಲ ಹಿಡಿದು ಶೆಡ್ಡಿಗೆ ಬಂದ. ಮಗ್ಗ ನಿಂತಾಗಲೇ ಅವನ ಕೆಲಸ ನಡೆಯುವುದು. ಮಧ್ಯಾಹ್ನದ ಒಳಗೆ ಕುಂಟ ಬಿಡಿಸುತ್ತೇನೆಂದು ಚಿದಾನಂದನಿಗೆ ಮಾತು ಕೊಟ್ಟು ಬಿಚ್ಚತೊಡಗಿದ. ಬನಶಂಕರಿ ಶೆಡ್ಡಿನ ಬಾಗಿಲಲ್ಲೇ, ಹಿಂದೆ ಕಂಡಿಕೆ ಸುತ್ತುತ್ತಿದ್ದ ಜಾಗದಲ್ಲಿ, ಗೋಡೆಗೆ ಬೆನ್ನು ಕೊಟ್ಟು ಕುಳಿತಳು.

ಮೊದಲನೇ ಹಾಡು ಬಂತು. ಅಯ್ಯೋ, ಅದೇ! ಅದೇ ಗಿಟಾರು, ಅದೇ ಒರಟು ದನಿ. ಬೆರಳುಗಳು ತಾವಾಗಿಯೇ ಕಂಡಿಕೆ ಹಿಡಿದಂತೆ ಆಡಿದವು. ಎರಡನೆಯದೂ ಮುಗಿಯಿತು. ಮೂರನೆಯದು ಶುರುವಾದಾಗ ಅವಳು ಕಣ್ಣು ಮುಚ್ಚಿದಳು. ತಾಳ ಏಳಕ್ಕೆ ತಿರುಗಿತು. ಒಂದು, ಎರಡು, ಆರರವರೆಗೂ ಬಂತು. ಏಳನೆಯದಕ್ಕೆ ಏನೂ ಬೀಳಲಿಲ್ಲ.

ಮತ್ತೆ ಹಚ್ಚಿದಳು. ಇಲ್ಲ. ಇನ್ನೊಮ್ಮೆ ಹಚ್ಚಿದಳು. ಇಲ್ಲವೆಂದರೆ ಇಲ್ಲ. ಹಾಡು ಹಲ್ಲಿಲ್ಲದ ಬಾಯಿಯ ಹಾಗೆ ಬೋಳುಬೋಳಾಗಿತ್ತು. ಅವಳಿಗೆ ಎಲ್ಲಿಲ್ಲದ ಸಿಟ್ಟು ಬಂತು. ಇಯರ್‌ಫೋನು ಕಿತ್ತೆಸೆದು, ಫೋನು ಹಚ್ಚಿ ಅಣ್ಣನ ಮೇಲೆ ಹರಿಹಾಯ್ದಳು.

"ತಗದಾರ ಅಣ್ಣಾ! ಆ ಭಾಡ್ಯಾಗೋಳು ಡ್ರಮ್ ತಗದ ಬಿಟ್ಟಾರ!"

"ಯಾರೂ ಏನೂ ತಗದಿಲ್ಲ ಬೇ," ವೀರೇಶ ಆ ಕಡೆಯಿಂದ ನಗುತ್ತಿದ್ದ. "ಇದ್ದಿದ್ರ ತಾನ ತಗಿಯೂದು? ಕುಣೀಲಾರದಾಕಿ ನೆಲಾ ಡೊಂಕ ಅಂದ್ಲಂತ."

"ಇತ್ತಂದ್ರ ಇತ್ತು! ಹಿಂಗ ಬರ್ತಿತ್ತು, ಕೇಳ ಬೇಕಾದ್ರ!" ಎನ್ನುತ್ತ ಅವಳು ಫೋನನ್ನು ನೆಲಕ್ಕಿಟ್ಟು, ಪಕ್ಕದಲ್ಲಿದ್ದ ಸ್ಟೀಲಿನ ತಾಟನ್ನು ಬೋರಲು ಹಾಕಿ ಬಾರಿಸತೊಡಗಿದಳು. ಆರು ಸಲ ಅಂಗೈ, ಏಳನೆಯದಕ್ಕೆ ಬಳೆ ತಾಕಿಸಿ ಟಕ್. ಆರು ಸಲ ಅಂಗೈ, ಟಕ್. ಕಣ್ಣಲ್ಲಿ ನೀರು ಬಂದಿತ್ತು. ಸಿಟ್ಟಿಗೋ ಸೋತದ್ದಕ್ಕೋ ಅವಳಿಗೇ ಗೊತ್ತಾಗಲಿಲ್ಲ.

ಮಗ್ಗದ ಅಡಿಯಿಂದ ಗಿರಿಮಲ್ಲಪ್ಪ ತಲೆ ಹೊರಗೆ ಹಾಕಿದ. ಮುಖವೆಲ್ಲ ಗ್ರೀಸು. ಕೈಯಲ್ಲಿ ಹಳೆಯ ಗಾಲಿ.

"ಅಕ್ಕಾರ, ಅದ ಸಪ್ಪಳ ಅಲ್ಲೇನ್ರಿ ನೀವು ತಗೀ ಅಂದದ್ದು?" ಎಂದ. "ತಗದೇನ್ರಿ. ಹೊಸಾ ಗಾಲಿ ಕುಂದರ್ಸೇನಿ. ಇನ್ನ ಬರಾಂಗಿಲ್ಲ, ಬೇಫಿಕರ್ ಇರ್ರಿ."

ಬನಶಂಕರಿಯ ಕೈ ತಾಟಿನ ಮೇಲೆಯೇ ನಿಂತಿತು. ಅವಳು ಗಾಲಿ ನೋಡಿದಳು, ಅದರ ದಪ್ಪ ಹಲ್ಲು ನೋಡಿದಳು, ತಾನು ಕುಳಿತ ಜಾಗ ನೋಡಿದಳು. ಇದೇ ಜಾಗ, ಇದೇ ಮಗ್ಗದ ಮಗ್ಗುಲು. ಬೇರೆ ಹಾಡುಗಳಿಗೆ ಅದು ಬರೀ ಗದ್ದಲ. ಏಳರ ತಾಳದ ಆ ಒಂದು ಹಾಡಿಗೆ ಮಾತ್ರ ಅದು ಕೂಡಿಬಿಟ್ಟಿತ್ತು. ಟೇಪು ಜಗ್ಗಿರಲಿಲ್ಲ, ಏನೂ ಇಲ್ಲ. ಹಾಡನ್ನು ಹಿಂದೆ ತಿರುಗಿಸಿ ತಿರುಗಿಸಿ ಅಪ್ಪನ ಮಗ್ಗಕ್ಕೆ ಕೂಡಿಸುತ್ತಿದ್ದವಳು ತಾನೇ.

"ಹಲೋ? ಹಲೋ, ಏನಾತು?" ನೆಲದ ಮೇಲಿಂದ ವೀರೇಶ ಕೂಗುತ್ತಿದ್ದ.

ಅಷ್ಟರಲ್ಲಿ, ಎಂದೂ ಹೇಳಿದ ಹೊತ್ತಿಗೆ ಬಾರದ ಕರೆಂಟು ಅವತ್ತು ಹೊತ್ತಿಗೆ ಮೊದಲೇ ಬಂತು. ಗಿರಿಮಲ್ಲಪ್ಪ ಹೆಮ್ಮೆಯಿಂದ ಬಟನ್ ಒತ್ತಿದ. ಕುಂಟ ಮಗ್ಗ ಬೆಣ್ಣೆಯಲ್ಲಿ ಕೂದಲೆಳೆದಂತೆ ಓಡಿತು. ಚಿದಾನಂದ ಬಂದು "ಭೇಷ್!" ಎಂದ.

ಆಗ ಪಡಸಾಲೆಯಿಂದ ರಾಮಲಿಂಗಪ್ಪ ಗೋಡೆ ಹಿಡಿದುಕೊಂಡು ಬಂದ. ಮಗ್ಗದ ಸಪ್ಪಳದಲ್ಲೇ ಹಣ್ಣಾದ ಕಿವಿ ಅವನದು, ಮುಖದ ಹತ್ತಿರ ಒದರಿದರೂ ಅರ್ಧ ಕೇಳಿಸುತ್ತಿರಲಿಲ್ಲ. "ಕರೆಂಟ್ ಬಂತಲ್ಲ, ನನ್ನ ಮಗ್ಗ್ಯಾಕ ನಿಲ್ಸೀರಿ?" ಎಂದು ಜೋರು ಮಾಡಿದ.

"ನಿಂತಿಲ್ಲ ಮಾವಾ, ಓಡಾಕತ್ತೈತಿ!" ಚಿದಾನಂದ ಅವನ ಕಿವಿಯಲ್ಲಿ ಕೂಗಿದ.

"ಸುಳ್ಳ ಹೇಳಬ್ಯಾಡ. ಒಳಗ ಕುಂತ್ರೂ ನನಗ ಗೊತ್ತಾಗೂದಿಲ್ಲೇನು?" ಮುದುಕ ಬಂದು ಮಗ್ಗದ ಕಟ್ಟಿಗೆಯ ಮೇಲೆ ಕೈಯಿಟ್ಟ. ಅದು ಅದುರುತ್ತಿತ್ತು. ಅವನ ಮುಖ ಸಣ್ಣದಾಯಿತು. ಆ ಟಕ್ ಒಂದನ್ನು ಬಿಟ್ಟರೆ ಶೆಡ್ಡಿನ ಬೇರಾವ ಸಪ್ಪಳವೂ ಅವನ ಕಿವಿಗೆ ಬೀಳುತ್ತಿರಲಿಲ್ಲ ಎಂಬುದು ಮನೆಯಲ್ಲಿ ಅಲ್ಲಿಯವರೆಗೂ ಯಾರಿಗೂ ಗೊತ್ತಿರಲಿಲ್ಲ.

"ಗಿರಿಮಲ್ಲಪ್ಪಾ, ಹಳೇ ಗಾಲಿ ತಿರಗಿ ಹಾಕು," ಎಂದಳು ಬನಶಂಕರಿ.

ಗಿರಿಮಲ್ಲಪ್ಪ ಪಾನಾ ಕೆಳಗಿಟ್ಟ. ಚಿದಾನಂದನಿಗೆ ಮಾತ್ರ ತಾಳ್ಮೆ ಹರಿದುಹೋಯಿತು. "ತಲಿ ನೆಟ್ಟಗೈತೇನ? ಕುಂಟ ಬಿಡಿಸ್ರಿ, ಕುಂಟ ಬಿಡಿಸ್ರಿ ಅಂತ ವರ್ಷಗಟ್ಟಲೆ ನನ್ನ ಜೀವಾ ತಿಂದಿ. ಈಗ ಬಿಡಿಸಿದ್ರ ತಿರಗಿ ಕುಂಟ ಮಾಡು ಅಂತಿ!"

"ಹೌದ್ರಿ, ಅಂತೀನಿ. ನಾನ ತಗೀ ಅಂದೆ, ನಾನ ಹಾಕ್ ಅನ್ನಾಕತ್ತೇನಿ. ಅಪ್ಪಗ ತನ್ನ ಮಗ್ಗ ಕೇಳ್ಸವಲ್ದು, ಕಾಣವಲ್ದೇನ್ರಿ? ಮತ್ತ ನನಗೂ ಕೇಳ್ಸವಲ್ದು!"

"ಮಗ್ಗದಾಗ ಬಂದ್ರ ತಲಿಶೂಲಿ, ಹಾಡಿನಾಗ ಬಂದ್ರ ತಲಿದೂಗು. ಭಾಳ ಛಲೋ ಆತು," ಎಂದು ಚಿದಾನಂದ ಕೈ ಜೋಡಿಸಿದ. ಆದರೆ ಮಗ್ಗದ ಮೇಲೆ ಕೈಯಿಟ್ಟು ನಿಂತಿದ್ದ ಮಾವನ ಕಡೆಗೊಮ್ಮೆ ನೋಡಿ, ತಾನೇ ಹೋಗಿ ಬಟನ್ ಆರಿಸಿದ.

ಗಿರಿಮಲ್ಲಪ್ಪ ಗೊಣಗುತ್ತಲೇ ಮತ್ತೆ ಮಗ್ಗದ ಅಡಿಗೆ ಹೋದ. ಛಲೋ ಮಗ್ಗ ಕೆಡಿಸಲು ಕರೆಸಿದ ಮನೆ ಇದೊಂದೇ ಎಂದು ಅಲ್ಲಿಂದಲೇ ಸಾರಿದ. ಗಾಲಿ ಕೂತಿತು. ಬಟನ್ ಒತ್ತಿದ. ಮಗ್ಗ ತನ್ನ ಹಳೆಯ ಕುಂಟು ನಡಿಗೆ ಹಿಡಿಯಿತು. ರಾಮಲಿಂಗಪ್ಪ ತಲೆ ಆಡಿಸಿ, "ಹಾಂ, ಈಗ ಹತ್ತಿತು," ಎಂದು ಅಲ್ಲೇ ಕಟ್ಟೆಯ ಮೇಲೆ ಕುಳಿತ.

ಬನಶಂಕರಿ ಗಂಡನ ಫೋನು ಕಿತ್ತುಕೊಂಡು ಅದರಲ್ಲಿ ಮೂರನೇ ಹಾಡು ಹಚ್ಚಿದಳು. ಮೊದಲು ಕೂಡಲಿಲ್ಲ. ಹಿಂದೆ ತಿರುಗಿಸಿದಳು, ಮತ್ತೆ ಹಚ್ಚಿದಳು, ಥೂ ಎಂದಳು, ಮತ್ತೆ ಹಚ್ಚಿದಳು. ನಾಲ್ಕೈದು ಸಲ ಆದ ಮೇಲೆ ಕೂಡಿತು. ಆರು ಪೆಟ್ಟು, ಟಕ್. ಆರು ಪೆಟ್ಟು, ಟಕ್. ಹಾಡು ಎದ್ದು ನಿಂತಿತು. ತನ್ನ ಫೋನನ್ನು ನೆಲದಿಂದ ಎತ್ತಿಕೊಂಡಳು. ವೀರೇಶ ಇನ್ನೂ ಆ ತುದಿಯಲ್ಲಿದ್ದ, ಆದರೆ ನಗುತ್ತಿರಲಿಲ್ಲ.

"ಕೇಳಿಸ್ತೇನ ಅಣ್ಣಾ?"

"ಕೇಳಿಸ್ತು," ಎಂದ ಅವನು. "ಇದು ಕ್ಯಾಸೆಟ್ಟಿನಾಗಿಲ್ಲ ಬಿಡು," ಎಂದ. ಅಪ್ಪನ ಮಗ್ಗದ ಸಪ್ಪಳ ಅವನಿಗೂ ಗುರುತು ಸಿಕ್ಕಿತ್ತು.

"ಇಲ್ಲ. ನೀ ಗೆದ್ದಿ. ಬಾರಿಸಿದವ್ನ ಹೆಸರ ಗೊತ್ತಾತು, ಬರಕೋ ಬೇಕಾದ್ರ. ರಾಮಲಿಂಗಪ್ಪ, ಬನಹಟ್ಟಿ."

ತನ್ನ ಹೆಸರು ಅವಳ ತುಟಿಯ ಮೇಲೆ ಬಂದದ್ದನ್ನು ಮುದುಕ ಕಂಡನೋ ಏನೋ, ಈ ಕಡೆ ತಿರುಗಿದ. ಅವಳ ಕೈಯಲ್ಲಿ ಅರಚುತ್ತಿದ್ದ ಫೋನು ನೋಡಿ ಮುಖ ಹಿಂಡಿದ. "ಯವ್ವಾ, ಆ ಹಾಳ ಗದ್ಲ ಬಂದ್ ಮಾಡು. ನನ್ನ ಮಗ್ಗದ ಸಪ್ಪಳ ಕೇಳವಲ್ದು."

ಬನಶಂಕರಿ ಹಾಡು ನಿಲ್ಲಿಸಿದಳು. ವೀರೇಶನಿದ್ದ ತನ್ನ ಫೋನನ್ನು ಮಗ್ಗದ ಕಡೆಗೆ ಹಿಡಿದು ಅಪ್ಪನ ಪಕ್ಕ ಕುಳಿತಳು. ಆ ಕಡೆ ವೀರೇಶ ಫೋನು ಇಡಲಿಲ್ಲ.