ಎರಡನೇ ಕುರ್ಚಿಯ ಕೋಚ್

ನಮ್ಮ ಅಕ್ಕ ಹದಿನಾಲ್ಕು ವರ್ಷ ಕೂತುಕೊಂಡೇ ಕೋಚಿಂಗ್ ಮಾಡಿದಳು. ಕಾಲಿಗೇನೂ ಆಗಿರಲಿಲ್ಲ. ಬ್ಯಾಸ್ಕೆಟ್‌ಬಾಲ್ ಪಂದ್ಯ ನಡೆಯುವಾಗ ಒಂದು ತಂಡದ ಕಡೆಯಿಂದ ಒಬ್ಬ ಕೋಚ್ ಮಾತ್ರ ಎದ್ದು ನಿಲ್ಲಬಹುದು ಅನ್ನುವುದು ನಿಯಮ. ಕಾಲೇಜಿನ ಹುಡುಗಿಯರ ತಂಡಕ್ಕೆ ಹಾಗೆ ನಿಲ್ಲುತ್ತಿದ್ದವನು ಹೆಡ್ ಕೋಚ್. ಹುಡುಗಿಯರು ಬೆನ್ನ ಹಿಂದೆ ಅವನನ್ನು ಗಂಟಲು ಮೇಷ್ಟ್ರು ಅನ್ನುತ್ತಿದ್ದರು, ಅವನಲ್ಲಿ ಕೆಲಸ ಮಾಡುತ್ತಿದ್ದದ್ದು ಅದೊಂದೇ ಅಂಗ. ಅಕ್ಕ ಪಕ್ಕದ ಕುರ್ಚಿಯ ಅಸಿಸ್ಟೆಂಟ್.

ಬೆಳಿಗ್ಗೆ ಐದೂವರೆಗೆ ಅಂಕಣದ ಬೀಗ ತೆಗೆಯುತ್ತಿದ್ದವಳು ಅವಳು. ಯಾರಿಗೆ ಮಂಡಿ ನೋವು, ಯಾರ ಮನೆಯಲ್ಲಿ ಜಗಳ, ಯಾರಿಗೆ ಎಡಗೈಯಲ್ಲಿ ಬಾಲು ಕುಟ್ಟಲು ಬರುವುದಿಲ್ಲ, ಎಲ್ಲ ಅವಳ ತಲೆಯಲ್ಲಿತ್ತು. ಪಂದ್ಯದ ದಿನ ಗಂಟಲು ಮೇಷ್ಟ್ರು ಇಸ್ತ್ರಿ ಶರ್ಟು ಹಾಕಿಕೊಂಡು ಬಂದು "ಓಡ್ರೇ! ಓಡ್ರೇ!" ಎಂದು ಅರಚುವನು. ಓಡದೆ ಮಲಗುತ್ತಾರಾ ಮಹಾರಾಯ? ಆಟ ಕೈತಪ್ಪುತ್ತಿದೆ ಅನ್ನಿಸಿದಾಗ ಟೈಮ್‌ಔಟ್ ಕೇಳುವವಳು ಅಕ್ಕ. ಆ ಒಂದು ನಿಮಿಷದಲ್ಲಿ ಹಲಗೆಯ ಮೇಲೆ ಗೆರೆ ಎಳೆದು, ಯಾರು ಎಲ್ಲಿ ನಿಲ್ಲಬೇಕೆಂದು ಹೇಳುವವಳೂ ಅವಳೇ. ಅವನು ಅಷ್ಟೂ ಹೊತ್ತು ನೀರು ಕುಡಿಯುವನು. ನಾಲ್ಕು ಸಲ ಕಪ್ ಬಂತು. ನಾಲ್ಕು ಫೋಟೋದಲ್ಲೂ ಕಪ್ ಹಿಡಿದು ಹಲ್ಲು ಕಿರಿದವನು ಅವನು.

ನಾನೇ ಕಣ್ಣಾರೆ ಕಂಡಿದ್ದೇನೆ. ಅದೇ ಕಾಲೇಜಿನ ಕೆಮಿಸ್ಟ್ರಿ ಲ್ಯಾಬಿನಲ್ಲಿ ನಾನು ಅಟೆಂಡರ್, ವರ್ಷ ವರ್ಷ ಆರ್ಡರ್ ಹೊಸದಾಗಬೇಕಾದ ನೌಕರಿ. ಪಂದ್ಯವಿದ್ದಾಗ ಸ್ಕೋರ್ ಬರೆಯುವವನೂ ನಾನೇ. ಅಕ್ಕನ ಕುರ್ಚಿಗೂ ನನ್ನ ಮೇಜಿಗೂ ಹತ್ತು ಹೆಜ್ಜೆ.

"ಯಾಕಕ್ಕಾ ಬಾಯಿಗೆ ಬೀಗ ಹಾಕ್ಕೊಂಡಿದ್ದೀಯ?" ಎಂದು ರೇಗುತ್ತಿದ್ದೆ.

"ಇರ್ಲಿ ಬಿಡೋ. ಅವರು ಹೋದ್ಮೇಲೆ ಹೆಡ್ ಕೋಚ್ ನಾನೇ ತಾನೇ?"

ಅವನು ಹೋದ, ನಿಜ. ಇನ್ನೊಂದು ಕಾಲೇಜು ಕರೆಯಿತು. ಹಾಸ್ಟೆಲ್ ಸೀಟಿನ ಆಸೆ ತೋರಿಸಿ ನಮ್ಮ ಒಳ್ಳೊಳ್ಳೆಯ ಐದು ಹುಡುಗಿಯರನ್ನೂ ಕರೆದುಕೊಂಡು ಹೋದ. ತಂಡವನ್ನು ಗುಡಿಸಿ ಗುಂಡಾಂತರ ಮಾಡಿ ಅಕ್ಕನ ಕೈಗೆ ಚೊಂಬು ಕೊಟ್ಟ, ಪಾಪಿ. ಹೆಡ್ ಕೋಚ್ ಆಗಿ ಅಕ್ಕ ಮೊದಲ ಸಲ ಎದ್ದು ನಿಂತಾಗ ನನ್ನ ಕಣ್ಣು ತುಂಬಿತು, ಸುಳ್ಳೇಕೆ ಹೇಳಲಿ. ಆ ಪಂದ್ಯ ಸೋತೆವು. ಆ ವರ್ಷ ಆಡಿದ್ದು ಒಂಬತ್ತು, ಸೋತದ್ದು ಒಂಬತ್ತು. ಆಗಷ್ಟೇ ಬಾಲು ಮುಟ್ಟಿದ ಹುಡುಗಿಯರು, ಅವರಾದರೂ ಏನು ಮಾಡಿಯಾರು?

ಅಕ್ಕನನ್ನು ತೆಗೆದುಹಾಕುವ ಮಾತು ಆಡಳಿತ ಮಂಡಳಿಯಲ್ಲಿ ಎದ್ದಿತು. ಅವಳು ಪತ್ರ ಕೊಟ್ಟಳು: ಹಿಂದಿನ ಗೆಲುವುಗಳಲ್ಲೂ ತಂಡ ನಡೆಸಿದವಳು ನಾನೇ, ಬೇಕಾದರೆ ಸ್ಕೋರ್ ಬರೆಯುವವರನ್ನು ಕರೆದು ಕೇಳಿ. ನನಗೆ ಹೇಳಿದ್ದು ಇಷ್ಟೇ. "ಉಪ್ಪು ಖಾರ ಏನೂ ಹಚ್ಚಬೇಡ. ಕಂಡಿದ್ದು ಹೇಳು, ಸಾಕು."

ಮಂಡಳಿಯ ಕಾರ್ಯದರ್ಶಿ ನನ್ನನ್ನು ಒಳಗೆ ಕರೆಸಿ ಸ್ಕೋರ್ ಹಾಳೆಗಳ ಕಟ್ಟನ್ನು ಮುಂದೆ ತಳ್ಳಿದರು.

"ನಿಮ್ಮ ಅಕ್ಷರ ತಾನೇ? ಹೆಡ್ ಕೋಚ್ ಅಂತ ಯಾರ ಹೆಸರಿದೆ?"

"ಮೇಷ್ಟ್ರದ್ದು ಸಾರ್."

"ತಂಡ ನಡೆಸಿದ್ದು ತಾನು ಅಂತಾರಲ್ಲ ನಿಮ್ಮಕ್ಕ? ಹಾಗಾದ್ರೆ ಹದಿನಾಲ್ಕು ವರ್ಷ ನೀವು ಬರೆದಿದ್ದೆಲ್ಲಾ ಸುಳ್ಳಾ?"

ಅವರ ಮೊಣಕೈ ಪಕ್ಕದಲ್ಲೇ ನನ್ನ ಆ ವರ್ಷದ ಆರ್ಡರ್ ಇತ್ತು, ಸಹಿ ಬಿದ್ದಿರಲಿಲ್ಲ. ಅದು ನನ್ನ ಕಣ್ಣಿಗೆ ಬಿದ್ದದ್ದನ್ನು ಅವರೂ ನೋಡಿದರು. "ಯೋಚನೆ ಮಾಡಿ ಹೇಳಿ, ಅರ್ಜೆಂಟ್ ಏನಿಲ್ಲ" ಅಂದರು.

ಹೇಳಬೇಕಾಗಿದ್ದದ್ದು ಒಂದೇ ಮಾತು. ಅವನು ಬರೀ ನಿಂತಿದ್ದ ಸಾರ್, ಆಡಿಸಿದ್ದು ನಮ್ಮಕ್ಕ. ನಾಲಿಗೆಯ ತುದಿಗೆ ಬಂದಿತ್ತು.

"ಬರೆದಿದ್ದು ಸರಿಯಾಗೇ ಇದೆ ಸಾರ್" ಅಂದೆ. ಥೂ, ನನ್ನ ಬಾಳಿಗಿಷ್ಟು!

ಹೊರಗೆ ಕಾರಿಡಾರಿನ ಬೆಂಚಿನ ಮೇಲೆ ಕೂತಿದ್ದ ಅಕ್ಕ ನನ್ನನ್ನು ಕಂಡು ಎದ್ದಳು. "ಹೇಳಿದ್ಯಾ?"

ನಾನು ತಲೆ ಎತ್ತಲಿಲ್ಲ. ಚಿಕ್ಕಂದಿನಲ್ಲಿ ನನ್ನನ್ನು ಎತ್ತಿ ಆಡಿಸಿದವಳು, ನನ್ನ ಮುಖ ನೋಡಿದರೆ ಅವಳಿಗೆ ಗೊತ್ತಾಗದೆ ಇರುತ್ತದೆಯೇ? ಬೈಯುತ್ತಾಳೆಂದು ಕಾದೆ. ಒಂದೇಟು ಹೊಡೆದಿದ್ದರೂ ನಿಂತು ತಿನ್ನುತ್ತಿದ್ದೆ. ಅವಳು ಬ್ಯಾಗು ಹೆಗಲಿಗೇರಿಸಿಕೊಂಡು ಮೆಟ್ಟಿಲಿಳಿದಳು. ನಾನು ಹಿಂದೆ ಹಿಂದೆ ಹೋದೆ. ಗೇಟಿನ ಹತ್ತಿರ ನಿಂತಳು.

"ಅಮ್ಮ ಕೇಳಿದ್ರೆ, ನಂಗೇ ಸಾಕಾಯ್ತು, ಬಿಟ್ಟೆ ಅಂತೀನಿ. ನಿನ್ನ ಹೆಸರು ಎತ್ತಲ್ಲ, ಹೆದರಬೇಡ."